ವಿಷದ ಸೂಜಿ ಮತ್ತು ಹೊಸ ಆವೃತ್ತಿ

“ನೀವು ಸತ್ರಿ,” ಎಂದ ಅವನು, ಅವಳ ಮುಖವನ್ನು ಮೊದಲ ಸಲ ನೆಟ್ಟಗೆ ನೋಡುತ್ತಾ.

ಅವಳ ಎದೆ ಧಸಕ್ಕೆಂದಿತು. ಸತ್ತದ್ದಕ್ಕೋ, ಆ ಕಣ್ಣುಗಳಿಗೋ... ಅವಳಿಗೇ ತಿಳಿಯಲಿಲ್ಲ.

ಅದು ಪುಸ್ತಕದಂಗಡಿಯ ಹಿಂದಿನ ಕೋಣೆ. ಅಂಗಡಿ ಅವನದೇ. ಆಟದಲ್ಲಿ ಅವನು ರಾಕ್ಷಸರ, ಕೋಟೆಗಳ ಕಥೆ ಹೇಳುತ್ತಾನೆ. ಮೇಜಿನ ಸುತ್ತ ಕೂತವರು ಅದರೊಳಗಿನ ಒಂದೊಂದು ಪಾತ್ರವಾಗುತ್ತಾರೆ. ಸೋಲು ಗೆಲುವು ದಾಳದ ಕೈಯಲ್ಲಿ. ಆಡಿಸಿದರೆ ಆ ಆಟದ ನಿಯಮಪುಸ್ತಕದ ಹಳೆಯ ಆವೃತ್ತಿಯಂತೆಯೇ ಆಡಿಸಬೇಕೆಂಬುದು ಅವನ ಹಟ. ಅದರಲ್ಲಿ ಸತ್ತವರು ಸತ್ತಂತೆಯೇ. ಗೆಳೆಯರು ಅವನನ್ನು ಯಮರಾಯ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಬಟ್ಟೆ ಹೊಲಿಯುವ ಅವಳು ಅಣ್ಣನ ಜೊತೆ ಅಂದೇ ಮೊದಲು ಬಂದಿದ್ದಳು. ವಾರವಿಡೀ ಹೊಲಿಗೆ ಯಂತ್ರ ತುಳಿಯುತ್ತಾ ತನ್ನ ಪಾತ್ರವಾದ ಮಂತ್ರಗಾತಿಯನ್ನು ಮನಸ್ಸಿನಲ್ಲೇ ಕಟ್ಟಿದ್ದಳು. ಕತ್ತಲೆಗೆ ಹೆದರುವವಳು, ಆದರೂ ಮುಂದೆ ನಡೆಯುವವಳು. ಆ ಮಂತ್ರಗಾತಿ ಎದುರಾದ ಮೊದಲ ಪೆಟ್ಟಿಗೆಯನ್ನೇ ತೆರೆದಳು. ಬೀಗದೊಳಗಿದ್ದ ವಿಷದ ಸೂಜಿ ಚುಚ್ಚಿತು, ದಾಳ ಕೈಬಿಟ್ಟಿತು.

“ದಿನಾ ಸೂಜಿ ಚುಚ್ಚಿಸ್ಕೊಳ್ಳೋಳು ಸೂಜಿಗೇ ಸತ್ಲಲ್ಲೋ!” ಅಣ್ಣ ನಕ್ಕ. ಎಲ್ಲರೂ ನಕ್ಕರು. ಯಮರಾಯನೂ ನಕ್ಕ.

‘ನನ್ನಂಥ ಹೊಸಬಳು ಇವನಿಗೆ ಬೇಕಿಲ್ಲ...’ ಅವಳು ಎದ್ದು ಹೊರಟೇಬಿಟ್ಟಳು.

‘ಆಟ ಹಿಡಿಸಲಿಲ್ಲವೇನೋ...’ ಕೂತ್ಕೊಳ್ಳಿ, ಇನ್ನೊಂದು ಪಾತ್ರ ಕಟ್ಟೋಣ ಎನ್ನಬೇಕೆಂದಿದ್ದ ಅವನು ದಾಳ ಎತ್ತಿ ಮುಂದಿನವನಿಗೆ ಕೊಟ್ಟ.

ಮುಂದಿನ ವಾರ ಅಣ್ಣ ಬೇಗನೇ ಮನೆಗೆ ಬಂದ.

“ಇವತ್ತು ಆಟ ಇಲ್ಲ ಕಣೇ. ಯಮರಾಯ ಹೊಸ ಆವೃತ್ತಿ ಹಿಡ್ಕೊಂಡು ಕೂತಿದ್ದಾನೆ. ಬೈಕೊಂಡೇ ಓದ್ತಿದ್ದಾನೆ. ನಿನ್ನ ಕೇಳ್ದ.”

ಅವಳು ಕತ್ತರಿ ಕೆಳಗಿಟ್ಟು ನೇರ ಅಂಗಡಿಗೆ ಹೋದಳು.

“ಹೊಸ ಆವೃತ್ತಿ ಮಕ್ಕಳಾಟ ಅಂತಿದ್ರಂತೆ?”

“ಅಂತಿದ್ದೆ. ನಾನು ಸತ್ತು ಸತ್ತೇ ಕಲಿತೋನು. ಎಲ್ರೂ ಹಾಗೇ ಕಲೀಬೇಕು ಅನ್ಕೊಂಡಿದ್ದೆ. ಹೊಸಬರನ್ನ ಹೊಸ್ತಿಲಲ್ಲೇ ಕೊಂದ್ರೆ ಕಥೆ ಯಾರಿಗೆ ಹೇಳೋದು?” ಅವನು ಪುಸ್ತಕವನ್ನು ಅವಳತ್ತ ಸರಿಸಿದ. “ಇದ್ರಲ್ಲಿ ನಿಮ್ಮ ಮಂತ್ರಗಾತಿ ಸತ್ತಿಲ್ಲ. ಬಿದ್ದಿದ್ದಾಳೆ, ಅಷ್ಟೇ. ಪಕ್ಕದಲ್ಲಿರೋರು ಎಬ್ಬಿಸಬಹುದು.”

“ಕರುಣೆನಾ?”

“ಅಲ್ಲ... ನೀವಂದ್ರೆ ನನಗಿಷ್ಟ. ನೀವು ಎದ್ದು ಹೋದ್ಮೇಲೆ ಆ ಕುರ್ಚಿ ಕಡೆ ನೋಡೋಕಾಗ್ತಿಲ್ಲ.”

ಅವಳ ಕಣ್ಣು ತುಂಬಿ ಬಂತು. ಒಂದು ವಾರದಿಂದ ತಾನು ಕಾದದ್ದು ಈ ಮಾತಿಗೇ ಎಂದು ಅವಳಿಗೆ ಆಗ ಗೊತ್ತಾಯಿತು.

“ವಿಷದ ಸೂಜಿ ಮಾತ್ರ ಹಾಗೇ ಇರ್ಲಿ,” ಎಂದಳು ಮೆಲ್ಲಗೆ. “ಭಯ ಇಲ್ದಿದ್ರೆ ಆಟ ಸಪ್ಪೆ. ಸರಿ, ಅವಳ ಪಕ್ಕದಲ್ಲಿ ಈಗ ಯಾರಿದ್ದಾರೆ?”

ಕಥೆ ಹೇಳುವವನಿಗೆ ತನ್ನದೆಂಬ ಪಾತ್ರವಿಲ್ಲ. ಅವನು ಯಾವತ್ತೂ ಮೇಜಿನ ಆಚೆ ಬದಿಯವನು. ಅವನು ಕುರ್ಚಿ ಎಳೆದುಕೊಂಡು ಈಚೆ ಬಂದು ಅವಳ ಪಕ್ಕ ಕೂತ.

“ಈ ಕಡೆ ನಾನೂ ಹೊಸಬ.”

“ಎಬ್ಬಿಸೋಕೆ ದಾಳ ಹಾಕ್ಬೇಕಾ?”

“ಹೂಂ.”

“ಸರಿಯಾಗಿ ಬೀಳ್ದಿದ್ರೆ?”

“ಮತ್ತೆ ಹಾಕ್ತೀನಿ.”

“ಆಗ್ಲೂ ಬೀಳ್ದಿದ್ರೆ?”

“ಅವಳು ಏಳೋವರೆಗೂ ಇಲ್ಲೇ ಕೂತಿರ್ತೀನಿ.”

ಅವಳು ದಾಳವನ್ನು ಅವನ ಅಂಗೈಯಲ್ಲಿಟ್ಟು, ತನ್ನ ಕೈಯನ್ನೂ ಅಲ್ಲೇ ಬಿಟ್ಟಳು.

“ಹಾಕು,” ಎಂದಳು. “ನಿಧಾನಕ್ಕೆ ಹಾಕು. ನನಗೇನೂ ಅವಸರ ಇಲ್ಲ.”