ಕಾಣೆಯಾದ ಮೂರು ಕಾರ್ಡುಗಳು

ಮಗು ಸತ್ತದ್ದು ಬೆಳಿಗ್ಗೆ ಏಳಕ್ಕೆ. ಹತ್ತಕ್ಕೆಲ್ಲ ನಾನು ಕಂಪ್ಯೂಟರ್ ಕೋಣೆಯಲ್ಲಿದ್ದೆ.

ಒಂಬತ್ತು ವರ್ಷದ ಮಗು. ಗಡ್ಡೆಗೆ ಕೊಟ್ಟ ಕಿರಣ ಹತ್ತು ಪಟ್ಟು ಹೆಚ್ಚಾಗಿ, ಹದಿನೈದು ದಿನ ನರಳಿ ಪ್ರಾಣ ಬಿಟ್ಟಿತ್ತು. ಪ್ರಮಾಣ ಲೆಕ್ಕ ಹಾಕಿದ್ದು ಈ ಕೋಣೆಯ ಯಂತ್ರ. ಆಸ್ಪತ್ರೆಯವರು ಅಚ್ಚಾಗಿ ಬಂದ ಹಾಳೆಯನ್ನು ನಂಬಿದ್ದರು.

ಮಗುವಿನ ವಿಳಾಸ ಕೇಳಿದೆ. ಕೋಣೆಯ ಮುಖ್ಯಸ್ಥರು ಜೇಬಿನಿಂದ ತೂತು ಬಿದ್ದ ಕಾರ್ಡೊಂದನ್ನು ತೆಗೆದು, ಬೆನ್ನಿಗೆ ಹೆಸರು, ವಿಳಾಸ ಬರೆದುಕೊಟ್ಟರು. ಯಂತ್ರಕ್ಕೆ ಆದೇಶ ಕೊಡುವುದು ಇಂಥ ತೂತಿನ ಕಾರ್ಡುಗಳಿಂದಲೇ, ಸಾಲಿಗೊಂದು; ಬೇಡವಾದವು ಅಲ್ಲಿ ಎಲ್ಲರಿಗೂ ಚೀಟಿ. ನಾನೂ ಜೇಬಿಗಿಳಿಸಿದೆ.

"ತಪ್ಪು ಯಾರದು?"

"ಅಂಕಿ ತುಂಬೋವಾಗ ಒಂದು ಸೊನ್ನೆ ಹೆಚ್ಚಿಗೆ ಒತ್ತಿದ್ದಾರೆ ಇನ್ಸ್‌ಪೆಕ್ಟ್ರೇ. ದಿನಾ ಆಗೋದೇ. ಯಂತ್ರ ಅದನ್ನ ಹಿಡಿದು ನಿಲ್ಲಬೇಕಿತ್ತು. ಪ್ರೋಗ್ರಾಂ ಬರೆದ ಈ ಹುಡುಗಿ ಆ ತಪಾಸಣೆ ಬರೆದೇ ಇಲ್ಲ."

"ಬರೆದಿದ್ದೆ ಸಾರ್! ಮೂರು ಕಾರ್ಡು! ಯಾರೋ ತೆಗೆದಿದ್ದಾರೆ!" ಹುಡುಗಿಯ ದನಿ ಒಡೆಯಿತು.

ಮುಖ್ಯಸ್ಥರು ಆರುನೂರು ಕಾರ್ಡಿನ ಕಟ್ಟನ್ನು ಮುಂದಿಟ್ಟರು. ಮೇಲಂಚಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ನೀಲಿ ಗೆರೆ. "ಕಾರ್ಡು ಹಿಂದುಮುಂದಾದ್ರೆ ಗೆರೆ ಕದಡತ್ತೆ. ಕದಡಿದೆಯಾ?"

ಕದಡಿರಲಿಲ್ಲ. ನನಗೆ ಗೊತ್ತಿದ್ದ ಲೆಕ್ಕ ಮಗ್ಗಿಯಷ್ಟೇ, ವಾದಿಸುವುದೇನು? ಸಂಜೆಯೊಳಗೆ ಹುಡುಗಿಯನ್ನು ಬಂಧಿಸಿ ಎಂದು ಮೇಲಿನವರು ಬೇರೆ ತಲೆ ತಿನ್ನುತ್ತಿದ್ದರು.

"ದೊಡ್ಡಮ್ಮನ್ನ ಕರೆಸಿ ಸಾರ್," ಎಂದು ಹುಡುಗಿ ಕೈಮುಗಿದಳು.

ಅಲ್ಲಿ ಎಲ್ಲರೂ ದೊಡ್ಡಮ್ಮ ಎಂದೇ ಕರೆಯುವ ಹಿರಿಯಾಕೆ ಕೋಲೂರಿಕೊಂಡು ಬಂದರು. ಆ ಯಂತ್ರಕ್ಕೆ ಮೊದಲ ಪ್ರೋಗ್ರಾಂ ಬರೆದಾಕೆ. ಅದಕ್ಕೂ ಮುಂಚೆ ಹತ್ತು ವರ್ಷ ಪೆನ್ಸಿಲ್ ಹಿಡಿದು ಕೈಯಲ್ಲೇ ಲೆಕ್ಕ ಮಾಡಿದ್ದರು. ಒಮ್ಮೆ ಮೆಟ್ಟಿಲ ಮೇಲೆ ಜಾರಿ ಕಟ್ಟು ಚೆಲ್ಲಾಪಿಲ್ಲಿಯಾಗಿ, ಜೋಡಿಸಲು ಎರಡು ದಿನ ಹಿಡಿಯಿತಂತೆ. ಓರೆಗೆರೆ ಎಳೆಯುವ ಪಾಠ ಶುರುವಾದದ್ದು ಅಂದಿನಿಂದ. ಮುಖ್ಯಸ್ಥರು ಆಕೆಯ ಒಡಹುಟ್ಟಿದ ತಮ್ಮ. ಕೈಹಿಡಿದು ಕೆಲಸ ಕಲಿಸಿದ್ದೂ ಅಕ್ಕನೇ. ಆದರೂ ಗೋಡೆಯ ಫೋಟೋದಲ್ಲಿ ಆಕೆಯ ಕೆಳಗೆ 'ಯಂತ್ರ ಮತ್ತು ಸಹಾಯಕಿ' ಎಂದಷ್ಟೇ ಇತ್ತು. ನನಗೆ ಮೈ ಉರಿಯಿತು.

ದೊಡ್ಡಮ್ಮ ಮೊದಲು, ಮೂಲೆಯಲ್ಲಿ ನಿಂತಿದ್ದ ಯಂತ್ರ ನಡೆಸುವವನತ್ತ ತಿರುಗಿದರು. "ತಪ್ಪು ಅಂಕಿ ಕಂಡ್ರೆ ಇದು ನಿಲ್ತಿತ್ತೇನಪ್ಪಾ?"

"ದಿನಕ್ಕೆ ಮೂರು ಸಲ ಗಂಟೆ ಹೊಡೆದು ಪ್ರಾಣ ತಿಂತಿತ್ತು, ದೊಡ್ಡಮ್ಮ. ಹೋದ ತಿಂಗಳು ದೊಡ್ಡ ಮನುಷ್ಯರು ನೋಡೋಕೆ ಬಂದ್ರಲ್ಲ, ಅವತ್ತಿಂದ ಗಪ್‌ಚಿಪ್."

"ಕಾರ್ಡಿಡೋ ಬೀರುವಿನ ಬೀಗದಕೈ?"

"ನನ್ನ, ಇವಳ, ಸಾಹೇಬ್ರ, ಮೂವರ ಹತ್ರಾನೂ ಇದೆ." ಅವನು ನೆಲ ನೋಡಿದ.

ದೊಡ್ಡಮ್ಮ ಗೆರೆಗೆ ಸ್ಕೇಲು ಹಚ್ಚಿದರು. "ಕದಡಿಲ್ಲ, ನಿಜ. ನೇರ ಇದೆಯಾ? ನೀವೇ ನೋಡಿ."

ಬಗ್ಗಿ ನೋಡಿದೆ. ನಡುವಿನಿಂದಾಚೆಗೆ ಗೆರೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು!

"ಹಿಂದುಮುಂದು ಮಾಡಿಲ್ಲ. ನಡುವಿಂದ ತೆಗೆದು, ಉಳಿದದ್ದನ್ನ ಒತ್ತಿ ಸೇರಿಸಿದ್ದಾರೆ. ಮೂರು ಕಾರ್ಡಿನ ದಪ್ಪ ಎಷ್ಟೋ ಅಷ್ಟು ಗೆರೆ ಜಾರಿದೆ."

"ಯಾರು?"

ದೊಡ್ಡಮ್ಮ ಸ್ಕೇಲು ಕೆಳಗಿಟ್ಟರು. "ಮಗುವಿನ ಹೆಸರೇನು?"

ನಾನು ಕಾರ್ಡು ಹೊರತೆಗೆದು ಓದತೊಡಗಿದೆ. ದೊಡ್ಡಮ್ಮ ಅದನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳು ತೂತಿನಿಂದ ತೂತಿಗೆ ಸರಿಯಿತು. ಮುಖ ಬಿಳಿಚಿಕೊಂಡಿತು.

ಕಾರ್ಡಿನ ಅಂಚಿನಲ್ಲಿ ಒಂದು ನೀಲಿ ಚುಕ್ಕೆ. ಕಟ್ಟಿನ ನಡುವೆ, ಗೆರೆ ಜಾರಿದ ಕಡೆ ಅದನ್ನು ಸಿಕ್ಕಿಸಿದರು. ಚುಕ್ಕೆ ಗೆರೆಯೊಳಗೆ ಸರಿಯಾಗಿ ಕೂತಿತು.

ಅಯ್ಯೋ! ಬೆಳಗಿನಿಂದ ಸಾಕ್ಷಿ ನನ್ನ ಜೇಬಿನಲ್ಲೇ ಇತ್ತು!

ಮುಖ್ಯಸ್ಥನ ಜೇಬಿಗೆ ಕೈ ಹಾಕಿದೆ. ನೀಲಿ ಚುಕ್ಕೆಯ ಇನ್ನೆರಡು ಕಾರ್ಡು. ಬೆನ್ನ ಮೇಲೆ ಅತಿಥಿಗಳ ಮುಂದೆ ಮಾಡಿದ ಭಾಷಣದ ಟಿಪ್ಪಣಿ.

ದೊಡ್ಡಮ್ಮ ತಮ್ಮನತ್ತ ತಿರುಗಿದರು. "ಬಂದವರ ಮುಂದೆ ಯಂತ್ರ ನಿಂತರೆ ಮಾನ ಹೋಗತ್ತೆ ಅಂತ ನೀನೇ ತೆಗೆದೆ. ಅಲ್ವೇನೋ?"

"ಒಂದೇ ದಿನಕ್ಕೆ ಅಂತ, ಅಕ್ಕಾ... ಮತ್ತೆ ಹಾಕೋಕೆ ಮರೆತುಹೋಯ್ತು..."

"ಮರೆತಿದ್ದಷ್ಟೇ ಆಗಿದ್ರೆ ನಿನ್ನ ಜೊತೆ ಕೂತು ಅಳ್ತಿದ್ದೆ ಕಣೋ. ಗೊತ್ತಾದ ಮೇಲೂ ಈ ಹುಡುಗೀನ ಜೈಲಿಗೆ ತಳ್ಳೋಕೆ ನಿಂತೆಯಲ್ಲ!"

ಹುಡುಗಿ ಕುರ್ಚಿಯಲ್ಲಿ ಕುಸಿದು ಬಿಕ್ಕಿದಳು.

ದೊಡ್ಡಮ್ಮ ಮೊದಲ ಕಾರ್ಡನ್ನು ಮತ್ತೆ ಕೈಗೆತ್ತಿಕೊಂಡರು. "'ಮಿತಿ ದಾಟಿದರೆ ನಿಲ್ಲು' ಅಂತಿದೆ ಇದರಲ್ಲಿ." ತಿರುಗಿಸಿ ತಮ್ಮನ ಕೈಗಿಟ್ಟರು. "ಈ ಕಡೆ ಇರೋದನ್ನ ನೀನೇ ಓದು. ನೀನೇ ಬರೆದಿದ್ದು."

ಆತ ಆ ಮಗುವಿನ ಹೆಸರನ್ನು ಓದಲಾರದೆ ನಿಂತ.