ಖಾಲಿ ನಂಬರು

"ವೈರ್ ಇರೋದು ಬೇಡ. ನಂಗೆ ಇದೇ ಬೇಕು," ಎಂದು ಮಾರ್ನಿ ಅಂಗಡಿಯ ಗಾಜಿನ ಮೇಲೆ ಬೆರಳಿಟ್ಟಳು.

ಅಲ್ಲಿ ಎರಡು ಬಗೆ ಇದ್ದವು. ಒಂದು, ವೈರು ಅಂಟಿಸಿದ ಕ್ಯಾಸೆಟ್. ಅದನ್ನು ಕಾರಿನ ಟೇಪಿನೊಳಗೆ ತಳ್ಳಿ, ವೈರಿನ ತುದಿಯನ್ನು ಮ್ಯೂಸಿಕ್ ಪ್ಲೇಯರಿಗೆ ಚುಚ್ಚಬೇಕು. ಇನ್ನೊಂದು, ನೀಲಿ ಲೈಟಿನ ಪುಟ್ಟ ಡಬ್ಬಿ. ಅದನ್ನು ಪ್ಲೇಯರಿಗೆ ಸಿಕ್ಕಿಸಿ, ರೇಡಿಯೋದಲ್ಲಿ ಯಾವ ಸ್ಟೇಷನ್ನೂ ಇಲ್ಲದ ಖಾಲಿ ನಂಬರು ಹುಡುಕಿ, ಎರಡಕ್ಕೂ ಅದೇ ನಂಬರು ಕೊಟ್ಟರೆ ಹಾಡು ಗಾಳಿಯಲ್ಲೇ ಹೋಗಿ ರೇಡಿಯೋ ಸೇರುತ್ತದೆ.

"ಕ್ಯಾಸೆಟ್ಟೇ ತಗೊಳ್ಳೇ. ನೋಡೋಕೆ ಚೆನ್ನಾಗಿಲ್ಲ, ಆದ್ರೆ ಕೈ ಕೊಡಲ್ಲ," ಎಂದ ಅಣ್ಣ ವೇಡ್.

"ಬರ್ತ್‌ಡೇ ಅವಳದು, ಇಷ್ಟಾನೂ ಅವಳದೇ," ಎಂದರು ಅಪ್ಪ.

"ಸರಿ. ಶಿಕಾಗೋ ಮುಟ್ಟೋದ್ರೊಳಗೆ ಇದು ನಿಂತ್ರೆ, ವಾಪಸ್ ಬರೋವಾಗ ಪೂರ್ತಿ ನನ್ನ ಹಾಡು."

ವೇಡನ ಹಾಡೆಂದರೆ ಬರೀ ಡ್ರಮ್ಮು, ಕಿರುಚಾಟ. ಆದರೂ ಮಾರ್ನಿ ಒಪ್ಪಿದಳು. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಮನೆಯ ಮುಂದೆ ಕಾರಿನಲ್ಲಿ ಕೂತು ಹಾಕಿ ನೋಡಿದರೆ ಹಾಡು ಗಂಟೆ ಹೊಡೆದ ಹಾಗೆ ಕೇಳಿಸಿತು. ಕೇಳಿಸದೆ ಏನು? ನೆಬ್ರಾಸ್ಕಾದ ಆ ಊರಿಗೆ ಬರುವುದೇ ಮೂರು ಸ್ಟೇಷನ್. ಉಳಿದ ನಂಬರುಗಳೆಲ್ಲ ಕೊಯ್ಲು ಮುಗಿದ ಜೋಳದ ಹೊಲದಷ್ಟೇ ಖಾಲಿ.

ಶನಿವಾರ ಅತ್ತೆಯ ಮಗಳ ಮದುವೆಗೆಂದು ಶಿಕಾಗೋಗೆ ಹೊರಟರು. ಎರಡು ಗಂಟೆ ಎಲ್ಲ ಸುಸೂತ್ರ. ಆಮೇಲೆ ಹಾಡಿನ ನಡುವೆ ಒಂದು ಗಂಡಸಿನ ದನಿ ನುಗ್ಗಿತು: "ಹಂದಿ ರೇಟು ಇವತ್ತು ಸ್ವಲ್ಪ ಇಳಿದಿದೆ."

ವೇಡನ ಬಾಯಲ್ಲಿದ್ದ ಸೂರ್ಯಕಾಂತಿ ಬೀಜವೆಲ್ಲ ನಗುವಿನ ಜೊತೆ ಸೀಟಿನ ಮೇಲೆ ಚೆಲ್ಲಿತು. "ಈ ಹಾಡು ಯಾರು ಬರೆದದ್ದೇ?"

ಮಾರ್ನಿ ಬೇರೆ ನಂಬರು ಹುಡುಕಿದಳು. ಅಲ್ಲಿ ಒಂದಷ್ಟು ದೂರ ಹೋದಮೇಲೆ ಪಾದ್ರಿಯೊಬ್ಬರು ಪ್ರವಚನ ಶುರುಮಾಡಿದರು. ಪಕ್ಕದ ಅಯೋವಾ ರಾಜ್ಯ ದಾಟುವಷ್ಟರಲ್ಲಿ ಏಳು ನಂಬರು ಬದಲಾಗಿತ್ತು.

"ನಿಂತೋಯ್ತು, ಒಪ್ಕೋ," ಎಂದ ವೇಡ್.

"ನಿಂತಿಲ್ಲ. ಜಾಗ ಬದಲಾಯಿಸ್ತಿದೀನಿ ಅಷ್ಟೆ." ಅವಳು ಮತ್ತೆ ಬಟನ್ ಒತ್ತಿದಳು. ವೈರಿನ ಕ್ಯಾಸೆಟ್ಟೇ ಸರಿಯಿತ್ತೆಂದು ಅವಳಿಗೆ ಆಗಲೇ ಗೊತ್ತು. ಆದರೆ ವೇಡನ ಮುಂದೆ ಅದನ್ನು ಹೇಳುವುದು ಹೇಗೆ?

ಶಿಕಾಗೋ ಹತ್ತಿರವಾದಂತೆ ರೇಡಿಯೋ ಸಂತೆಯಾಯಿತು. ಕೊಟ್ಟಕೊನೆಗೆ ಒಂದೇ ಒಂದು ಖಾಲಿ ನಂಬರು ಸಿಕ್ಕಿತು, ಎಂಬತ್ತೇಳು ಪಾಯಿಂಟ್ ಒಂಬತ್ತು. ಅಷ್ಟರಲ್ಲಿ ಟ್ರಾಫಿಕ್ ಜಾಮಾಗಿ ಕಾರು ನಿಂತಿತು. ಹಾಡಿನ ಮೇಲೆ ಯಾವುದೋ ತುತ್ತೂರಿಗಳ ಹಾಡು ಹತ್ತಿ ಕೂತಿತು.

"ಇದು ಸ್ಟೇಷನ್ ಅಲ್ಲ ಅನ್ಸುತ್ತೆ," ಎಂದರು ಅಮ್ಮ. "ಪಕ್ಕದ ಕಾರು ನೋಡು."

ಪಕ್ಕದಲ್ಲಿ ಒಂದು ಕೆಂಪು ಕಾರು. ಹಿಂದಿನ ಸೀಟಿನಲ್ಲಿ ಮಾರ್ನಿಯಷ್ಟೇ ವಯಸ್ಸಿನ ಹುಡುಗಿ. ಕೈಯಲ್ಲಿ ಅದೇ ನೀಲಿ ಲೈಟಿನ ಡಬ್ಬಿ. ಪಕ್ಕದಲ್ಲಿ ಕೂತ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹುಡುಗಿ ಮಾತ್ರ ತುಟಿ ಕಚ್ಚಿ, ಅಳು ನುಂಗಿಕೊಂಡು ಬಟನ್ ಒತ್ತುತ್ತಲೇ ಇದ್ದಳು.

ತನ್ನ ಹಾಡು ಆ ಕಾರಿನ ರೇಡಿಯೋಗೂ ನುಗ್ಗಿದೆ ಎಂದು ಮಾರ್ನಿಗೆ ಹೊಳೆಯಿತು; ಆ ಮುಖ ನೋಡಿ ಅಯ್ಯೋ ಅನ್ನಿಸಿತು. ತನ್ನ ಡಬ್ಬಿ ಎತ್ತಿ ತೋರಿಸಿದಳು. ಹುಡುಗಿ ಬೆರಗಾಗಿ ನೋಡಿದಳು. ಮಾರ್ನಿ ಸ್ವಿಚ್ ಆಫ್ ಮಾಡಿದಳು.

"ವೇಡ್, ನಂದು ನಿಂತೋಯ್ತು. ನೀನು ಹೇಳಿದ್ದೇ ಸರಿ."

ಹೇಳುವವರೆಗೆ ಕಷ್ಟವಾಗಿತ್ತು. ಹೇಳಿದ ಮೇಲೆ ನೋಡಿದರೆ ಏನೂ ಆಗಿರಲಿಲ್ಲ.

ತುತ್ತೂರಿಗಳ ಹಾಡು ಈಗ ಎರಡೂ ಕಾರಿನಲ್ಲಿ ಸ್ಪಷ್ಟವಾಗಿ ಮೊಳಗಿತು. ಆಚೆ ಹುಡುಗಿ ಅಕ್ಕನ ಕಡೆ ಮೂತಿ ತಿರುವಿ ಭುಜ ಕುಣಿಸತೊಡಗಿದಳು. ಈಚೆ ವೇಡ್ ಗೆದ್ದದ್ದನ್ನು ಮರೆತು ಮೊಣಕಾಲ ಮೇಲೆ ತಾಳ ಹಾಕುತ್ತಿದ್ದ.

ಮುಂದಿನ ಕಾರುಗಳು ಮೆಲ್ಲಗೆ ಜರುಗಿದವು.

"ಅಪ್ಪಾ," ಎಂದಳು ಮಾರ್ನಿ, "ಹಾಡು ಮುಗಿಯೋವರೆಗೂ ಅವ್ರ ಪಕ್ಕದಲ್ಲೇ ಹೋಗು."