ತಿಮ್ಮವ್ವನ ಹೆಸರಿನ ವಿಳಾಸ

೧೯೯೯ರ ನವೆಂಬರ್ ೧೫, ಸೋಮವಾರ, ಬೆಳಗಿನ ಹತ್ತೂವರೆ. ಮಸ್ಕಿ ಪೊಲೀಸ್ ಠಾಣೆಗೆ ಬಂದ ತಿಮ್ಮವ್ವ ಕುರ್ಚಿ ತೋರಿಸಿದರೂ ಕೂರಲಿಲ್ಲ. ಆ ಬೇಸಿಗೆಯ ಗಡಿ ಯುದ್ಧದಲ್ಲಿ ಮಡಿದ ಸಿಪಾಯಿ ರಾಮಣ್ಣನ ತಾಯಿ ಆಕೆ.

"ನನ್ನ ಮಗನ ಹೆಸರು ಮಾರ್ಕೊಂಡು ಯಾರೋ ಉಂಡಾರ್ರೀ. ಉಂಡಾಕಿ ನಾನ ಅಂತ ಓಣ್ಯಾಗ ಅನ್ನಾಕತ್ತಾರ."

ಬೆನ್ನ ಹಿಂದೆ ತಲೆ ತಗ್ಗಿಸಿ ನಿಂತಿದ್ದವನು ಲಿಂಗಸುಗೂರಿನ ರಹಿಮಾನ್. ದುಬೈ ಆಸ್ಪತ್ರೆಯೊಂದರ ನೌಕರ, ರಜೆಗೆ ಬಂದಿದ್ದ. ಅಲ್ಲಿನ ಕಂಪ್ಯೂಟರಿನಲ್ಲಿ ರಾಮಣ್ಣನ ಹೆಸರಿನ ಇಂಟರ್‌ನೆಟ್ ಪುಟ ಕಂಡಿದ್ದ. ಹುತಾತ್ಮನ ಶಾಲೆಯಲ್ಲಿ ವಾಚನಾಲಯ ಕಟ್ಟುತ್ತೇವೆ, ನೆರವಾಗಿ ಎಂದು ಅವನ ತಾಯಿಯೇ ಬೇಡಿಕೊಂಡಂತಿತ್ತು. ರಹಿಮಾನ್ ಗೆಳೆಯರಿಂದ ಹಣ ಕೂಡಿಸಿ ಕಳಿಸಿದ. ಊರಿಗೆ ಬಂದು ನೋಡಿದರೆ ಶಾಲೆಯಲ್ಲಿ ಒಂದು ಇಟ್ಟಿಗೆಯೂ ಇಲ್ಲ. ಸೀದಾ ತಿಮ್ಮವ್ವನ ಬಾಗಿಲಿಗೆ ಹೋಗಿ ಕೂಗಾಡಿದ. ಓಣಿಗೆ ಅಷ್ಟು ಸಾಕಾಯಿತು.

"ತಪ್ಪಾತ್ರೀ ಸಾಹೇಬ್ರ. ಈ ತಾಯಿಗೆ ಕಂಪ್ಯೂಟರ್ ಅಂದ್ರ ಏನಂತನೂ ಗೊತ್ತಿಲ್ಲ," ಎಂದ.

ಸಬ್ ಇನ್‌ಸ್ಪೆಕ್ಟರ್ ಪಂಪಣ್ಣನ ಮೈ ಉರಿಯಿತು. ಸತ್ತವನ ಹೆಸರನ್ನೂ ಬಿಡದ ಜನ! ಕಳ್ಳತನ, ಹೊಡೆದಾಟ ಅವನಿಗೆ ಹೊಸದಲ್ಲ, ಇಂಥದ್ದು ಹೊಸದು. ಕಾನೂನಿನ ಪುಸ್ತಕದಲ್ಲಿ ಇಂಟರ್‌ನೆಟ್ ಎಂಬ ಶಬ್ದವೇ ಇರಲಿಲ್ಲ. ಸೋಗು ಹಾಕಿ ವಂಚನೆ ಎಂದು ೪೧೯, ೪೨೦ನೇ ಕಲಮುಗಳಡಿ ಎಫ್‌ಐಆರ್ ಮಾಡಿಸಿದ.

"ಆರೋಪಿ ಹೆಸರು ಏನಂತ ಬರೀಲಿ ಸಾಹೇಬ್ರ?" ಹೆಡ್ ಕಾನ್‌ಸ್ಟೆಬಲ್ ದಾವಲ್‌ಸಾಬ್ ಕೇಳಿದ.

"ಅಪರಿಚಿತ ಅಂತ ಬರಿ."

ಹಣ ಹೋಗಿದ್ದು ಸಿಂಧನೂರಿನ ಬ್ಯಾಂಕೊಂದಕ್ಕೆ. ರಾಮಣ್ಣ ಸ್ಮಾರಕ ಸಮಿತಿ ಎಂಬ ಖಾತೆ. ಕಾರ್ಯದರ್ಶಿಯ ಹೆಸರು, ಊರು ಎರಡೂ ಸುಳ್ಳು. ಅಧ್ಯಕ್ಷೆಯ ಜಾಗದಲ್ಲಿದ್ದ ಹೆಬ್ಬೆಟ್ಟು ಮಾತ್ರ ತಿಮ್ಮವ್ವನದೇ. ಸಂಜೆಯೇ ಮೇಲಧಿಕಾರಿಯ ಫೋನು ಬಂತು: "ಹೆಬ್ಬೆಟ್ಟು ಸಿಕ್ಕ ಮೇಲೆ ಇನ್ನೇನ್ರೀ ತನಿಖೆ? ಗುರುವಾರ ಮುದುಕಿಯನ್ನು ಕೋರ್ಟಿಗೆ ಹಾಜರುಪಡಿಸಿ."

ಪಂಪಣ್ಣ ಫೋನು ಕುಕ್ಕಿದ. ತಿಮ್ಮವ್ವನನ್ನು ಕರೆಸಿ ಕೇಳಿದ.

"ಮಗ ಹೋದಾಗ ಯಾರ್ಯಾರೋ ಕಾಗದ ತಂದ್ರು. ಪಿಂಚಣಿ ಅಂದ್ರು, ಪರಿಹಾರ ಅಂದ್ರು. ಒತ್ತು ಅಂದಲ್ಲಿ ಒತ್ತೀನಿ. ಯಾರು ಏನಂತ ನೋಡಾಕ ನನ್ನ ಕಣ್ಣು ನೆಟ್ಟಗಿದ್ವೇನ್ರೀ?"

ಆ ಪುಟವನ್ನು ಕಣ್ಣಾರೆ ನೋಡಲು ಮಂಗಳವಾರ ಪಂಪಣ್ಣ, ದಾವಲ್‌ಸಾಬ್ ಸಿಂಧನೂರಿಗೆ ಹೋದರು. ಇಂಟರ್‌ನೆಟ್ ಇದ್ದದ್ದು ಅಮರಗುಂಡಪ್ಪನ ಕಂಪ್ಯೂಟರ್ ಕ್ಲಾಸಿನಲ್ಲಿ. ಮಸ್ಕಿಯವನೇ, ತಿಮ್ಮವ್ವನ ಓಣಿಯವನು, ರಾಮಣ್ಣನ ಜೊತೆ ಓದಿದವನು. ಫೋನ್ ಲೈನು ಕಿರ್ರೆಂದು ಕೂಗಿ ಸುಮ್ಮನಾದ ಮೇಲೆ ಸಮವಸ್ತ್ರದ ರಾಮಣ್ಣ ಪರದೆಯ ಮೇಲೆ ಟೋಪಿಯಿಂದ ಕೆಳಕ್ಕೆ ಮೆಲ್ಲಗೆ ಮೂಡಿದ. ದಾವಲ್‌ಸಾಬ್ ತನ್ನ ಟೋಪಿ ತೆಗೆದು ಹಿಡಿದುಕೊಂಡ.

"ಈ ಪುಟದ ವಿಳಾಸ ಯಾರು ತೊಗೊಂಡಾರ, ನೋಡಾಕ ಬರ್ತೈತೇನು?" ಪಂಪಣ್ಣ ಕೇಳಿದ.

"ಬರಂಗಿಲ್ರೀ. ಅದೆಲ್ಲ ಅಮೆರಿಕಾದಾಗ ಇರ್ತೈತಿ. ಯಾರಿಗೂ ತಿಳಿಯಂಗಿಲ್ಲ."

ಬುಧವಾರ ರಾಯಚೂರಿನ ಕಾಲೇಜೊಂದರ ಉಪನ್ಯಾಸಕರು ಅದೇ ಪ್ರಶ್ನೆ ಕೇಳಿ ನಕ್ಕರು. "ಹೊಲಕ್ಕೆ ಪಹಣಿ ಇದ್ದಂತೆ ಈ ವಿಳಾಸಕ್ಕೂ ದಾಖಲೆ ಇರುತ್ತದೆ ಸರ್. ಕಂಪ್ಯೂಟರ್ ಕಲಿಸುವವರಿಗೆಲ್ಲ ಗೊತ್ತು." ಪರದೆಯ ಮೇಲೆ ಬಂತು. ಮಾಲೀಕರು: ತಿಮ್ಮವ್ವ, ಮಸ್ಕಿ. ಕೊಡಿಸಿದವರು ಬೊಂಬಾಯಿಯ ಏಜೆಂಟರು. ಕೆಳಗೆ, ವಿಳಾಸ ಕೊಡುವ ಮುನ್ನ ಏಜೆಂಟರು ಖಾತ್ರಿಗೆ ಕರೆ ಮಾಡುವ ಫೋನ್ ನಂಬರು.

ಅಮರಗುಂಡಪ್ಪ ಸುಳ್ಳು ಹೇಳಿದ್ದ. ಪಂಪಣ್ಣ ಹಲ್ಲು ಕಚ್ಚಿದ. ಆದರೆ ಸುಳ್ಳೊಂದೇ ಕೋರ್ಟಿಗೆ ಸಾಲದು.

ನಂಬರು ನೋಡಿದ ದಾವಲ್‌ಸಾಬ್ ಹುಬ್ಬೇರಿಸಿದ. "ಸಾಹೇಬ್ರ, ಇದು ಕರಿಬಸಯ್ಯನ ಕಿರಾಣಿ ಅಂಗಡೀದು! ನಮ್ಮ ಮನೀಗೂ ಇದ ಪಿ.ಪಿ. ನಂಬರು."

ಫೋನಿಲ್ಲದ ಮನೆಗಳವರೆಲ್ಲ ಅರ್ಜಿಗಳಲ್ಲಿ ಪಕ್ಕದವರ ನಂಬರು ಬರೆದು ಮುಂದೆ ಪಿ.ಪಿ. ಎಂದು ಹಾಕುತ್ತಿದ್ದ ಕಾಲ. ಕರಿಬಸಯ್ಯನ ಫೋನು ಓಣಿಗೆಲ್ಲ ಒಂದೇ. ಗಂಟೆ ಬಾರಿಸಿದರೆ ಅವನು ಅಂಗಡಿಯಿಂದಲೇ ಹೆಸರು ಹಿಡಿದು ಕೂಗುತ್ತಿದ್ದ. ಯಾರಿಗೆ ಎಲ್ಲಿಂದ ಫೋನು ಬಂತೆಂದು ಓಣಿಗೆ ತಿಳಿಯದೆ ಇರುತ್ತಿರಲಿಲ್ಲ.

"ತಿಮ್ಮವ್ವಗ ಇಂಗ್ಲಿಷ್‌ನ್ಯಾಗ ಯಾವುದಾರ ಫೋನು ಬಂದಿತ್ತೇನು?" ಮಸ್ಕಿಗೆ ಮರಳಿದ ಪಂಪಣ್ಣ ಕರಿಬಸಯ್ಯನನ್ನು ಕೇಳಿದ.

"ಬಂದಿತ್ರೀ, ಶ್ರಾವಣ ಸೋಮವಾರ. ನಾ ಉಪಾಸ ಇದ್ದೆ, ನೆನಪೈತಿ. ತಿಮ್ಮವ್ವ ಅನ್ನೋದೊಂದು ತಿಳೀತು, ಕೂಗಿದೆ."

"ಆಕಿ ಬಂದು ಮಾತಾಡಿದ್ಲೇನು?"

"ಎಲ್ಲೀದ್ರೀ! ಅಮರಗುಂಡಪ್ಪ ಮುಂಜಾನಿಂದ ಇಲ್ಲೇ ಕಟ್ಟಿ ಮ್ಯಾಲ ಕುಂತಿದ್ದ. ಗಬಕ್ಕನ ಎದ್ದು ಫೋನು ಕಸ್ಗೊಂಡ. ಮಿಲ್ಟ್ರಿಯವರು, ಪಿಂಚಣಿ ಮಾತು ಅಂದ. ಶಾಣ್ಯಾ ಹುಡುಗ, ಮುದುಕಿಗೆ ಆಸರಾದ ಅಂತ ನಾ ಒಂದು ಕಪ್ ಚಾನೂ ಕುಡಿಸೀನ್ರೀ ಅವಗ!"

ಅಲ್ಲೇ ಬೆಲ್ಲ ಕೊಳ್ಳುತ್ತಿದ್ದ ಆದಮ್ಮ ತಾನೂ ಅವತ್ತು ಇದ್ದೆನೆಂದಳು. ಇಬ್ಬರ ಹೇಳಿಕೆ ಬರೆದುಕೊಂಡರು. ಎಲ್ಲರ ಕಣ್ಣು ತಪ್ಪಿಸಿದವನು ಚಿಕ್ಕಂದಿನಿಂದ ಬರೆದು ರೂಢಿಯಾಗಿದ್ದ ನಂಬರನ್ನೇ ಈ ಅರ್ಜಿಯಲ್ಲೂ ಬರೆದಿದ್ದ.

ಗುರುವಾರ ಬೆಳಗ್ಗೆ ಅಮರಗುಂಡಪ್ಪನ ಬಂಧನವಾಯಿತು. ಪಂಚರ ಎದುರು ಪಂಚನಾಮೆ ನಡೆಯಿತು. ಅವನ ಕ್ಲಾಸಿನ ಮೇಜಿನ ಖಾನೆಯಲ್ಲಿ ಸಮಿತಿಯ ಚೆಕ್‌ಬುಕ್ಕು ಸಿಕ್ಕಿತು. ಪಂಪಣ್ಣನ ಕೈ ಮೇಲೆದ್ದಿತ್ತು. ದಾವಲ್‌ಸಾಬ್ ಮೆಲ್ಲಗೆ "ಸಾಹೇಬ್ರ" ಎಂದ. ಕೈ ಇಳಿಯಿತು, ಸಿಟ್ಟು ಇಳಿಯಲಿಲ್ಲ.

"ಆ ಅವ್ವ ನಿನಗ ಉಣ್ಣಾಕ ಇಟ್ಟಿಲ್ಲೇನಲೇ?"

"ಇಟ್ಟಾಳ್ರೀ." ಮುಂದಿನದನ್ನು ಅವನೇ ಹೇಳಿದ. ಸೈನ್ಯದ ಭರ್ತಿಗೆ ಇಬ್ಬರೂ ಒಂದೇ ದಿನ ಓಡಿದ್ದರು. ರಾಮಣ್ಣ ಆಯ್ಕೆಯಾದ, ಎದೆಯ ಅಳತೆಯಲ್ಲಿ ಇವನು ಬಿದ್ದ. "ಅವನ ಹೆಸರು ಸರ್ಕಲ್‌ನ್ಯಾಗ ಬೋರ್ಡಾತು. ನನ್ನ ಕ್ಲಾಸಿಗೆ ಒಬ್ಬ ಹುಡುಗ ಬರ್ತಿದ್ದಿಲ್ಲ. ಪುಟ ಮೊದಲು ಖರೇನ ದುಃಖಕ್ಕ ಮಾಡಿದ್ದೆ. ದೇಶದೇಶದಿಂದ ಪತ್ರ ಬಂದ್ವು. ತಾಯಿ ಬರ್ದಂಗ ನಾ ಉತ್ತರ ಬರ್ದೆ. ಹಣ ಕಳಸ್ತೀವಿ ಅಂದ್ರು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಪಿಂಚಣಿ ಕಾಗದ ಅಂತ ಹೇಳಿ ಅವ್ವನ ಹೆಬ್ಬೆಟ್ಟು ಒತ್ತಿಸ್ಕೊಂಡೆ."

ಶುಕ್ರವಾರ ತಿಮ್ಮವ್ವ ಠಾಣೆಗೆ ಬಂದಳು. ಪುಟವಿನ್ನೂ ಹಾಗೇ ಇತ್ತು. ದಾಖಲೆಯಲ್ಲಿ ವಿಳಾಸ ಆಕೆಯದೇ ಆದ್ದರಿಂದ ಮುಚ್ಚಿಸಲು ಬೊಂಬಾಯಿಗೆ ಆಕೆಯ ಅರ್ಜಿಯೇ ಬೇಕು. ದಾವಲ್‌ಸಾಬ್ ಅರ್ಜಿ ಬರೆದು, ಶಾಯಿಯ ಡಬ್ಬಿ ಮುಂದಿಟ್ಟು, "ಇಲ್ಲಿ ಒತ್ತಬೇ ಅವ್ವ" ಎಂದ.

ತಿಮ್ಮವ್ವ ಕೈ ಸೆರಗಿನೊಳಗೆ ಎಳೆದುಕೊಂಡಳು.

"ಮೊದಲು ಓದ್ರಿ," ಎಂದಳು. "ಪೂರಾ ಓದ್ರಿ."

ಪಂಪಣ್ಣ ಕಾಗದ ತೆಗೆದುಕೊಂಡು ಎದ್ದು ನಿಂತ. ಮೊದಲಕ್ಷರದಿಂದ ಕೊನೆಯವರೆಗೆ ಓದಿ ಹೇಳಿದ. ಮಗನ ಹೆಸರು ಬಂದಲ್ಲಿ ಆಕೆ ಇನ್ನೊಮ್ಮೆ ಓದಿಸಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.